ದನಿ ಬರುವ ಮುಂಚಿನ ಮೂರು ನಿಮಿಷ

ಪ್ರೀತಿಯ ತಮ್ಮಾ,

ನಿನ್ನ ಲೇಖನವನ್ನು ಎರಡು ಸಲ ಓದಿದೆ. ಇಂಗ್ಲೆಂಡಿನ ರಾಕ್ ತಂಡ ಬೌಹೌಸ್‌ನ ‘ಬೆಲಾ ಲುಗೋಸಿಸ್ ಡೆಡ್’ ಹಾಡಿನ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿನಗೆ ಅನ್ನಿಸಿತಲ್ಲ, ತುಂಬಾ ಖುಷಿಯಾಯಿತು. ಆದರೆ ಮೊದಲ ಪ್ಯಾರಾವನ್ನು ಪೂರ್ತಿ ಹೊಡೆದುಹಾಕಿದ್ದೇನೆ. ‘ಗಾಥಿಕ್ ರಾಕ್‌ನ ಮೊದಲ ಹಾಡು’ ಅಂತ ಶುರು ಮಾಡಿದ್ದೀಯ; ಸಾವು, ಕತ್ತಲೆಯ ಛಾಯೆಯ ರಾಕ್ ಸಂಗೀತಕ್ಕೆ ಆ ಹೆಸರು. ಆಮೇಲೆ ಸಾಲುಸಾಲಾಗಿ ಕತ್ತಲೆ, ನಿಗೂಢ, ಭಯಾನಕ. ಇಷ್ಟೆಲ್ಲ ಬಾಗಿಲಲ್ಲೇ ಹೇಳಿಬಿಟ್ಟರೆ ಓದುವವರು ಒಳಗೆ ಯಾಕೆ ಬರಬೇಕು?

1979ರ ಜನವರಿ 26ಕ್ಕೆ ಹೋಗು. ಇಂಗ್ಲೆಂಡಿನ ವೆಲಿಂಗ್‌ಬರೋ ಎಂಬ ಸಣ್ಣ ಊರು, ಅಲ್ಲಿನ ಬೆಕ್ ಸ್ಟುಡಿಯೋ. ಹತ್ತಿರದ ನಾರ್ತಾಂಪ್ಟನ್‌ನ ನಾಲ್ವರು ಹುಡುಗರು. ತಂಡ ಕಟ್ಟಿ ಬರೀ ಆರು ವಾರ ಆಗಿದೆ. ನಾಲ್ವರೂ ಒಟ್ಟಿಗೆ ಸ್ಟುಡಿಯೋಗೆ ಕಾಲಿಟ್ಟಿದ್ದು ಅದೇ ಮೊದಲು. ಅವತ್ತು ಅವರು ರೆಕಾರ್ಡ್ ಮಾಡಿದ್ದು ಒಂದಲ್ಲ, ಐದು ಹಾಡು. ಇದು ನಿನ್ನ ಲೇಖನದಲ್ಲಿ ಇಲ್ಲವೇ ಇಲ್ಲ! ಆ ಐದೂ 2018ರಲ್ಲಿ ಒಟ್ಟಿಗೆ ಹೊರಬಂದಿವೆ, ಹುಡುಕಿ ಕೇಳು. ‘ಹ್ಯಾರಿ’ಯಲ್ಲಿ ಜಮೈಕಾದ ರೆಗೆ ಸಂಗೀತದ ಲಯ ಇದೆ. ‘ಸಮ್ ಫೇಸಸ್’ ಪಾಪ್ ಕಡೆಗೆ ವಾಲುತ್ತದೆ. ಒಂದು ಹೊಸ ಸಂಗೀತ ಹುಟ್ಟುಹಾಕೋಣ ಅಂತ ಹೊರಟವರು ಹೀಗೆ ನಾಲ್ಕು ದಿಕ್ಕಿಗೆ ಕೈಚಾಚುವುದಿಲ್ಲ, ಅಲ್ವಾ? ಅವರು ಇನ್ನೂ ದಾರಿ ಹುಡುಕುತ್ತಿದ್ದರು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಇದೇ.

ಆ ಐದರಲ್ಲಿ ಒಂದು, ನೀನು ಬರೆದ ಈ ಹಾಡೇ, ಒಂಬತ್ತೂವರೆ ನಿಮಿಷ ನಡೆಯಿತು. ಎಲ್ಲರೂ ಒಟ್ಟಿಗೆ ನುಡಿಸಿದರು, ಒಂದೇ ಟೇಕ್.

ಅದನ್ನು ಕೇಳುವಾಗ ಪೆನ್ನು ಹಿಡಿದು ಕೂತುಕೋ. ಯಾರು ಯಾವಾಗ ಬರುತ್ತಾರೆ, ಬರೆದುಕೋ. ಮೊದಲು ಕೆವಿನ್ ಹಾಸ್ಕಿನ್ಸ್‌ನ ಡ್ರಮ್, ಟಕಟಕ ಅನ್ನುವ ಒಣ ಸದ್ದು, ಅದರ ಬೆನ್ನಿಗೇ ಎಕೋ. ನಂತರ ಅವನ ಅಣ್ಣ ಡೇವಿಡ್ ಜೆ ನುಡಿಸುವ ಬೇಸ್, ಮೆಟ್ಟಿಲಿಳಿದ ಹಾಗೆ ಕೆಳಗಿಳಿಯುತ್ತದೆ. ಆಮೇಲೆ ಡೇನಿಯಲ್ ಆಶ್‌ನ ಗಿಟಾರ್, ತಂತಿಯನ್ನು ಕೆರೆದ ಸದ್ದು. ಪೀಟರ್ ಮರ್ಫಿಯ ದನಿ ಬರುವುದು ಹತ್ತಿರ ಹತ್ತಿರ ಮೂರು ನಿಮಿಷಕ್ಕೆ. ಅಷ್ಟು ಹೊತ್ತಿಗೆ ಎಷ್ಟೋ ಸಿಂಗಲ್‌ಗಳು ಮುಗಿದೇ ಹೋಗಿರುತ್ತವೆ. ನಾನು ಮೊದಲ ಸಲ ಕೇಳಿದ್ದು ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್‌ನಲ್ಲಿ. ಇದರಲ್ಲಿ ಹಾಡುವವರು ಯಾರೂ ಇಲ್ಲ ಅಂದುಕೊಂಡು ನಿಲ್ಲಿಸಲು ಹೋದೆ. ಬೆರಳು ಬಟನ್ ಮೇಲಿತ್ತು, ಆಗ ದನಿ ಬಂತು. ಮೈ ಜುಮ್ಮೆಂದಿತು. ‘ಭಯಾನಕ’ ಅಂತ ನೀನು ಬರೆದ ಪದದಿಂದ ನನಗೆ ಹಾಗೆ ಆಗಲಿಲ್ಲ ತಮ್ಮಾ. ಆ ಮೂರು ನಿಮಿಷವನ್ನು ಬರೆದಿದ್ದರೆ ಖಂಡಿತ ಆಗುತ್ತಿತ್ತು.

ಬೆಲಾ ಲುಗೋಸಿ ಯಾರು ಅಂತ ಒಂದು ಸಾಲಿನಲ್ಲಿ ಹೇಳು, ಸಾಕು: 1931ರ ಸಿನಿಮಾದಲ್ಲಿ ಡ್ರಾಕುಲಾ ಆಗಿದ್ದ ನಟ, 1956ರಲ್ಲಿ ತೀರಿಕೊಂಡ. ಸಾಹಿತ್ಯ ಡೇವಿಡ್ ಜೆ ಬರೆದದ್ದು ಅನ್ನುವುದನ್ನೂ ಸೇರಿಸು.

ಹೆಸರು, ಪ್ರಭಾವ ಎಲ್ಲ ಕೊನೆಗೆ ಬರಲಿ. ಹಾಡಿನ ಉದ್ದ ಜಾಸ್ತಿಯಾಯಿತು ಅಂತ ರೆಕಾರ್ಡ್ ಕಂಪನಿಗಳು ಬೇಡ ಅಂದವು. ಲಂಡನ್ನಿನ ಒಂದು ರೆಕಾರ್ಡ್ ಅಂಗಡಿಯಿಂದ ಬೆಳೆದ ಸ್ಮಾಲ್ ವಂಡರ್ ಅನ್ನುವ ಪುಟ್ಟ ಕಂಪನಿ ಅದನ್ನು 1979ರ ಆಗಸ್ಟ್‌ನಲ್ಲಿ 12 ಇಂಚಿನ ರೆಕಾರ್ಡ್ ಮಾಡಿ ಹೊರತಂದಿತು. ಬ್ರಿಟನ್ನಿನ ಮುಖ್ಯ ಚಾರ್ಟ್‌ಗೆ ಅದು ಬರಲೇ ಇಲ್ಲ. ಆದರೆ ಸ್ವತಂತ್ರ ಕಂಪನಿಗಳ ರೆಕಾರ್ಡ್‌ಗಳಿಗೇ ಇದ್ದ ಇಂಡಿ ಚಾರ್ಟ್‌ನಲ್ಲಿ ಸುಮಾರು ಎರಡು ವರ್ಷ ಇತ್ತು. 1983ರಲ್ಲಿ ಟೋನಿ ಸ್ಕಾಟ್ ‘ದಿ ಹಂಗರ್’ ಸಿನಿಮಾವನ್ನು ಇದೇ ಹಾಡಿನಿಂದ ಶುರು ಮಾಡಿದ. ತಂತಿ ಜಾಲರಿಯ ಹಿಂದೆ ಮರ್ಫಿ ಹಾಡುತ್ತಾನೆ. ‘ಗಾಥಿಕ್’, ‘ಗಾಥ್’ ಅನ್ನುವ ಪದಗಳನ್ನು ಬೇಕಾದರೆ ಅಲ್ಲಿ ತಾ.

ನಿನ್ನ ಹಾಳೆಗಳನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ಡ್ರಮ್ಮಿನಿಂದ ಶುರು ಮಾಡಿ ಇನ್ನೊಂದು ಸಲ ಬರೆ. ಮರ್ಫಿ ಯಾವ ಪ್ಯಾರಾದಲ್ಲಿ ಬಾಯಿ ತೆರೆಯುತ್ತಾನೆ ಅಂತ ನೋಡಲು ಕಾಯುತ್ತಿರುತ್ತೇನೆ.

ನಿನ್ನ ಅಣ್ಣ