ಟೂ ಸ್ಟ್ರೋಕ್ ಇಂಜಿನಿನ ಪುಸ್ತಕ ಕನ್ನಡದಲ್ಲಿ ಬೇಕು

ಮಾನ್ಯ ಸಂಪಾದಕರೇ,

ಟೂ ಸ್ಟ್ರೋಕ್ ಅಂದರೆ ಸುಲಭದ ಇಂಜಿನ್, ಬಾಗಿಲಿನಂತೆ ತೆರೆದು ಮುಚ್ಚುವ ವಾಲ್ವ್ ಇಲ್ಲ, ಅದನ್ನು ಎತ್ತುವ ಕ್ಯಾಮ್ ಇಲ್ಲ, ಯಾರು ಬೇಕಾದರೂ ಬಿಚ್ಚಿ ಕಟ್ಟಬಹುದು ಎಂಬ ಮಾತು ನಮ್ಮ ಕಡೆ ಇದೆ. ಕಾಸರಗೋಡಿನ ಪೆರ್ಲದಲ್ಲಿ 28 ವರ್ಷದಿಂದ ರಿಪೇರಿ ಮಾಡುತ್ತಿದ್ದೇನೆ. ನನಗೆ ಹಾಗೆ ಅನ್ನಿಸಿದ್ದೇ ಇಲ್ಲ.

ಕಳೆದ ವಾರ ಟೂ ಸ್ಟ್ರೋಕಿನ ಹುಲ್ಲು ತೆಗೆಯುವ ಮೆಷಿನ್ ಒಂದು ಬಂತು. ಪಿಸ್ಟನ್ ಹಿಡಿದುಕೊಂಡಿತ್ತು. ಮಾರಿದ ಅಂಗಡಿಯವರು, ಪೆಟ್ರೋಲಿಗೆ ಎಣ್ಣೆ ಹಾಕದೆ ಓಡಿಸಿದ್ದೀರಿ ಎಂದು ಬೈದು ಕಳಿಸಿದ್ದರಂತೆ. "ಇಲ್ಲ ಮಾರಾಯ್ರೆ, ಲೀಟರಿಗೆ 40 ಎಂ.ಎಲ್. ಅಳೆದೇ ಹಾಕಿದ್ದೇನೆ" ಅಂದರು ಅಡಿಕೆ ತೋಟದ ಆ ಹಿರಿಯರು. ಪಿಸ್ಟನ್ನಿನಲ್ಲಿ ಹೊಗೆ ಹೋಗುವ ಬದಿಗೆ ಉದ್ದುದ್ದ ಗೀರು. ಸೈಲೆನ್ಸರ್ ಬದಿಯ ತೂತಿಗೆ ರಬ್ಬರ್ ಒತ್ತಿ, ಕಾರ್ಬೊರೇಟರ್ ಜಾಗದಿಂದ ಸೈಕಲ್ ಪಂಪಿನಲ್ಲಿ ಮೆಲ್ಲ ಗಾಳಿ ಕೊಟ್ಟೆ. ಮ್ಯಾಗ್ನೆಟ್ ಹಿಂದಿನ ಆಯಿಲ್ ಸೀಲಿಗೆ, ಅಂದರೆ ಶಾಫ್ಟಿನ ಸುತ್ತಲಿನ ರಬ್ಬರ್ ಬಳೆಗೆ, ಸೋಪಿನ ನೀರು ಹಚ್ಚಿದೆ. ಸಣ್ಣ ಸಣ್ಣ ಗುಳ್ಳೆ ಎದ್ದವು, ಸೀಲು ಸವೆದಿತ್ತು. ಅವರ ತಪ್ಪು ಏನೂ ಇರಲಿಲ್ಲ.

ಫೋರ್ ಸ್ಟ್ರೋಕಿನಲ್ಲಿ ಸೀಲು ಹೋದರೆ ಎಣ್ಣೆ ಸೋರುತ್ತದೆ, ಕಣ್ಣಿಗೆ ಕಾಣುತ್ತದೆ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿನ ಕೆಳಗಿನ ಪೆಟ್ಟಿಗೆ, ಕ್ರ್ಯಾಂಕ್ ಕೇಸೇ ಪಂಪು. ಪಿಸ್ಟನ್ ಮೇಲೆ ಹೋಗುವಾಗ ಪೆಟ್ರೋಲು, ಗಾಳಿ, ಎಣ್ಣೆ ಎಲ್ಲ ಅದರೊಳಗೆ ಬರುತ್ತದೆ. ಕೆಳಗೆ ಇಳಿಯುವಾಗ ಒತ್ತಿಕೊಂಡು ಪಕ್ಕದ ದಾರಿಯಲ್ಲಿ ಮೇಲೇರುತ್ತದೆ. ಪೆಟ್ರೋಲು ಬರುವ, ಹೊಗೆ ಹೋಗುವ ತೂತುಗಳೇ ಬಾಗಿಲು, ಅವನ್ನು ತೆರೆದು ಮುಚ್ಚುವುದೂ ಪಿಸ್ಟನ್ನೇ. ಸೀಲು ಸವೆದರೆ ಅಲ್ಲಿಂದ ಬರೀ ಗಾಳಿ ನುಗ್ಗುತ್ತದೆ. ಆಗ ಪೆಟ್ರೋಲು ಸಾಲದು, ಅದರ ಜೊತೆ ಬರುವ ಎಣ್ಣೆಯೂ ಸಾಲದು, ಬಿಸಿ ಜಾಸ್ತಿ.

ಸೈಲೆನ್ಸರ್ ಕೂಡ ಸುಮ್ನೆ ಹೊಗೆ ಕೊಳವೆ ಅಲ್ಲ. ಹೊಸ ಪೆಟ್ರೋಲು ಒಳಗೆ ಬರುವಾಗ ಹೊಗೆಯ ಬಾಗಿಲು ಇನ್ನೂ ತೆರೆದೇ ಇರುತ್ತದೆ, ಸ್ವಲ್ಪ ಹೊರಗೆ ಜಾರುತ್ತದೆ. ಕೊಳವೆಯ ಆಕಾರ ಸರಿ ಇದ್ದರೆ ಹೊಗೆಯ ಅಲೆ ತಿರುಗಿ ಬಂದು ಅದನ್ನು ಒಳಗೆ ದೂಡುತ್ತದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ವಾಲ್ಟರ್ ಕಾಡನ್ ರೇಸ್ ಬೈಕಿಗೆ ಇದನ್ನು ಹದಕ್ಕೆ ತಂದರು. ಹುಡುಗರು ಶಬ್ದಕ್ಕಾಗಿ ಟೂ ಸ್ಟ್ರೋಕ್ ಬೈಕ್ ಆರ್‌ಎಕ್ಸ್ 100ರ ಸೈಲೆನ್ಸರ್ ಕೊಯ್ಸಲು ಬಂದರೆ ನಾನು ಕೊಯ್ಯುವುದಿಲ್ಲ.

ಆ ಮೆಷಿನ್ ಜೊತೆ ಕೊಟ್ಟ ಪುಸ್ತಕ ಇಂಗ್ಲಿಷಿನಲ್ಲಿದೆ, ನಾಲ್ಕು ಪುಟ ಮಲಯಾಳ. ಹಿರಿಯರಿಗೆ ಎರಡೂ ಓದಲು ಬರುವುದಿಲ್ಲ. ಕಾಸರಗೋಡಿನಲ್ಲಿ ಮಾರುವ ಮೆಷಿನಿಗೆ ಕನ್ನಡದಲ್ಲೂ ಪುಸ್ತಕ ಕೊಡಬೇಕು ಅಲ್ವಾ? ಅದು ಬರುವವರೆಗೆ ನಿಮ್ಮ ಕೃಷಿ ಪುಟದಲ್ಲಿ ಚಿತ್ರ ಸಮೇತ ಒಮ್ಮೆ ಹಾಕಿ. ಚಿತ್ರ ಬರೆಯುವವರು ಬರುವುದಾದರೆ, ಬಿಚ್ಚಿದ ಇಂಜಿನ್ ಬೆಂಚಿನ ಮೇಲೆಯೇ ಇಟ್ಟಿರುತ್ತೇನೆ.

- ಒಬ್ಬ ಮೆಕ್ಯಾನಿಕ್, ಪೆರ್ಲ