ಡ್ರಾಗೊನೇರಾ ತಾನಾಗಿಯೇ ಉಳಿದದ್ದಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದ ಪ್ರವಾಸ ಲೇಖನ ಓದಿದೆ. ಬೀಚು, ಹೋಟೆಲು, ಪಾಲ್ಮಾದ ದೊಡ್ಡ ಚರ್ಚು ಎಲ್ಲವೂ ಚೆನ್ನಾಗಿ ಬಂದಿದೆ. ಆದರೆ ಅದೇ ಮಯೋರ್ಕಾದ ಪಶ್ಚಿಮ ತುದಿಯಲ್ಲಿ, ದಡದಲ್ಲಿ ನಿಂತರೆ ಎದುರಿಗೇ ಕಾಣುವ ಡ್ರಾಗೊನೇರಾ ದ್ವೀಪದ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ಮಗಳು ಪಾಲ್ಮಾದಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ಸೆಪ್ಟೆಂಬರಿನಲ್ಲಿ ಅವಳ ಜೊತೆ ಅಲ್ಲಿಗೆ ಹೋಗಿ ಬಂದೆ. ನಿಮ್ಮ ಓದುಗರಿಗೆ ಅದನ್ನು ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಸಾಂತ್ ಎಲ್ಮ್ ಎಂಬ ಸಣ್ಣ ಊರಿನಿಂದ ಬೋಟು. ದಾರಿಯಲ್ಲಿ ಪಾಂತಲೇವು ಎಂಬ ಪುಟ್ಟ ನಡುಗಡ್ಡೆ ಸಿಗುತ್ತದೆ. 1229ರಲ್ಲಿ ಮಯೋರ್ಕಾವನ್ನು ಗೆಲ್ಲಲು ಬಂದ ರಾಜ ಒಂದನೇ ಜಾಯ್ಮೆಯ ಹಡಗುಗಳು ಅಲ್ಲೇ ಲಂಗರು ಹಾಕಿದ್ದವಂತೆ. ಅಲ್ಲಿಂದ ಮುಂದೆ ಡ್ರಾಗೊನೇರಾದ ಬೆನ್ನು ಕಾಣತೊಡಗುತ್ತದೆ. ನಾಲ್ಕು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರೂ ಇಲ್ಲದ ಅಗಲ. ಮಯೋರ್ಕಾದ ಕಡೆಗೆ ಇಳಿಜಾರು, ಆಚೆ ಬದಿ ನೆಟ್ಟಗೆ ಕಡಲಿಗೆ ಬೀಳುವ ಬಂಡೆಗೋಡೆ. ಬೋಟು ನಿಲ್ಲುವ ಕಾಲಾ ಯಾದೋ ಎಂಬ ಕೊಲ್ಲಿಯಲ್ಲಿ ಅಂಗಡಿಯಿಲ್ಲ, ಹೋಟೆಲಿಲ್ಲ. ನೀರು, ಊಟ ನಾವೇ ಒಯ್ಯಬೇಕು, ಕಸ ನಾವೇ ವಾಪಸ್ ತರಬೇಕು. ನಾಯಿ ಕರೆದುಕೊಂಡು ಹೋಗುವ ಹಾಗಿಲ್ಲ. ಗುರುತು ಹಾಕಿದ ದಾರಿ ಬಿಟ್ಟು ಆಚೆ ಕಾಲಿಡುವ ಹಾಗಿಲ್ಲ.

ಇಳಿದ ಕೂಡಲೇ ಎದುರಾದವು ಹಲ್ಲಿಗಳು. ಕಂದು ಮೈ, ನಮ್ಮ ತೋಟದ ಹಾವುರಾಣಿಯ ಹಾಗೆ ಚುರುಕು. ಕಲ್ಲಿನ ಸಂದಿಯಿಂದ, ರೋಸ್‌ಮೇರಿ ಪೊದೆಯ ಬುಡದಿಂದ ಸರಸರ ಬರುತ್ತವೆ, ಮನುಷ್ಯರೆಂದರೆ ಸ್ವಲ್ಪವೂ ಹೆದರಿಕೆಯಿಲ್ಲ. ನಾನು ಕಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚುವಷ್ಟರಲ್ಲಿ ಒಂದು ಬೂಟಿನ ಮೇಲೆ ಹತ್ತಿತು. ಲೇಸಿನ ಗಂಟನ್ನು ನಾಲಿಗೆಯಿಂದ ಮುಟ್ಟಿ ನೋಡಿತು. ತಲೆ ಓರೆ ಮಾಡಿ ನನ್ನ ಮುಖ ನೋಡಿತು. ಗಂಟಲ ಕೆಳಗಿನ ಚರ್ಮ ಪಟಪಟ ಬಡಿದುಕೊಳ್ಳುವುದು ಕಾಣುತ್ತಿತ್ತು. ತಿನ್ನಲು ಏನೂ ಕೊಡಬಾರದು ಎಂದು ಮಗಳು ಮೊದಲೇ ಹೇಳಿದ್ದಳು, ಹಾಗಾಗಿ ಇಬ್ಬರೂ ಸುಮ್ನೆ ಕೂತೆವು. ಈ ಜಾತಿಯ ಹಲ್ಲಿ ಹಿಂದೆ ಮಯೋರ್ಕಾದಲ್ಲೂ ಇತ್ತು. ಮನುಷ್ಯರ ಜೊತೆ ಬಂದ ಹಾವು, ವೀಸೆಲ್‌ನಂಥ ಪ್ರಾಣಿಗಳ ಬಾಯಿಗೆ ಸಿಕ್ಕಿ ಅಲ್ಲಿ ಪೂರ್ತಿ ಇಲ್ಲವಾಯಿತು. ಈಗ ಉಳಿದಿರುವುದು ಸುತ್ತಲಿನ ಇಂಥ ನಡುಗಡ್ಡೆಗಳಲ್ಲಿ ಮಾತ್ರ. ಹೂವಿನ ಮಕರಂದ ಕುಡಿದು ಪರಾಗವನ್ನೂ ಹೊತ್ತೊಯ್ಯುತ್ತದೆ. ಹಲ್ಲಿಯಿಂದ ಗಿಡಕ್ಕೆ ಕಾಯಿ ಕಟ್ಟುವುದನ್ನು ಇಷ್ಟು ವರ್ಷ ವಿಜ್ಞಾನ ಪಾಠ ಮಾಡಿದ ನಾನು ಎಲ್ಲೂ ಕಂಡಿರಲಿಲ್ಲ.

ಮಗಳು ದ್ವೀಪದ ಅತಿ ಎತ್ತರದ ನಾ ಪೋಪಿಯಾ ಶಿಖರಕ್ಕೆ ಹೋದಳು. ಸುಮಾರು 350 ಮೀಟರ್ ಎತ್ತರ. ಅಲ್ಲಿ ಹಳೆಯ ಲೈಟ್‌ಹೌಸಿನ ಪಾಳು ಗೋಡೆಗಳಿವೆ. ಅಷ್ಟು ಮೇಲೆ ಕಟ್ಟಿದ್ದರಿಂದ ಮೋಡ, ಮಂಜು ಮುಸುಕಿ ಹಡಗಿನವರಿಗೆ ದೀಪವೇ ಕಾಣುತ್ತಿರಲಿಲ್ಲವಂತೆ. ಅದಕ್ಕೇ 1910ರಲ್ಲಿ ದ್ವೀಪದ ಎರಡು ತುದಿಗಳಲ್ಲಿ ತಗ್ಗಿನಲ್ಲಿ ಎರಡು ಹೊಸ ಲೈಟ್‌ಹೌಸ್ ಕಟ್ಟಿದರು. ಮಂಡಿ ನೋವಿನ ನಾನು ಅವುಗಳಲ್ಲಿ ಹತ್ತಿರದ ತ್ರಮುಂತಾನಾ ಕಡೆಗೆ ನಿಧಾನಕ್ಕೆ ನಡೆದೆ.

ಅಲ್ಲಿ ತಲೆಯ ಮೇಲೆ ಎಲಿಯೊನೊರಾ ಚಾಣ ಹಾರಿತು. ಉದ್ದ ರೆಕ್ಕೆ, ಕಡು ಬಣ್ಣ, ಗಾಳಿಯಲ್ಲಿ ಒಂದಿಷ್ಟೂ ಅವಸರವಿಲ್ಲ. ಬೇರೆ ಹಕ್ಕಿಗಳು ವಸಂತದಲ್ಲಿ ಮರಿ ಮಾಡಿ ಮುಗಿಸಿದರೆ ಇದು ಅಲ್ಲಿನ ಬೇಸಿಗೆಯ ಕೊನೆಯವರೆಗೆ ಕಾಯುತ್ತದೆ. ಯುರೋಪಿನ ಸಣ್ಣ ಹಕ್ಕಿಗಳು ಆಫ್ರಿಕಕ್ಕೆ ಹೊರಟು ಸಮುದ್ರ ದಾಟುವ ಹೊತ್ತಿಗೆ ಸರಿಯಾಗಿ ಗೂಡಿನಲ್ಲಿ ಮರಿಗಳು ಬಾಯಿ ತೆರೆದಿರುತ್ತವೆ, ಆ ಹಕ್ಕಿಗಳನ್ನೇ ಹಿಡಿದು ಮರಿಗಳಿಗೆ ಉಣಿಸುತ್ತದೆ. ಮರಿಗಳು ದೊಡ್ಡವಾದ ಮೇಲೆ ಈ ಚಾಣಗಳು ಚಳಿಗಾಲಕ್ಕೆ ಮಡಗಾಸ್ಕರ್ ಕಡೆಗೆ ಹೋಗುತ್ತವೆ. ನಾನು ಮಲ್ಪೆಯವಳು. ನಮ್ಮ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳು ಹುಟ್ಟಿದ್ದು ಇದೇ ಮಡಗಾಸ್ಕರ್ ಭಾರತದಿಂದ ಬೇರೆಯಾದಾಗ, ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಅಲ್ಲಿ ನಿಂತು ಅದು ನೆನಪಾಗಿ ಮೈ ಜುಮ್ಮೆಂದಿತು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವುದಕ್ಕೆ ಬರುತ್ತೇನೆ. ಈ ದ್ವೀಪ ಯಾರ ಕಣ್ಣಿಗೂ ಬೀಳದೆ ಉಳಿದುಕೊಂಡ ಜಾಗವಲ್ಲ. 1970ರ ದಶಕದಲ್ಲಿ ಒಂದು ಕಂಪನಿ ಇದನ್ನು ಕೊಂಡು ಶ್ರೀಮಂತರಿಗೆ ಬಡಾವಣೆ ಕಟ್ಟಲು ಹೊರಟಿತ್ತು. ಸರ್ವಾಧಿಕಾರಿ ಫ್ರಾಂಕೊ ಸತ್ತು ಇನ್ನೂ ಎರಡು ವರ್ಷ ಆಗಿರಲಿಲ್ಲ, ಸ್ಪೇನಿನಲ್ಲಿ ಚುನಾವಣೆ ಆಗಷ್ಟೇ ಮುಗಿದಿತ್ತು. 1977ರ ಜುಲೈಯಲ್ಲಿ ‘ತೆರಾ ಇ ಯಿಬೆರ್ತಾತ್’ ಎಂಬ ಗುಂಪಿನ ಯುವಕ ಯುವತಿಯರು ಬೋಟಿನಲ್ಲಿ ಬಂದು ಇಲ್ಲಿ ಬೀಡುಬಿಟ್ಟರು. ಮಯೋರ್ಕಾದ ಹಕ್ಕಿಪ್ರೇಮಿಗಳ ಸಂಘ ‘ಗೋಬ್’ ಕಾನೂನಿನ ಹೋರಾಟ ಮಾಡಿತು. ಹತ್ತು ವರ್ಷದ ಬಳಿಕ, 1987ರಲ್ಲಿ, ಮಯೋರ್ಕಾದ ಸ್ಥಳೀಯ ಆಡಳಿತವೇ ದುಡ್ಡು ಕೊಟ್ಟು ದ್ವೀಪವನ್ನು ಕೊಂಡಿತು. 1995ರಲ್ಲಿ ಅದು ಸಂರಕ್ಷಿತ ಉದ್ಯಾನವಾಯಿತು. ಹೋಟೆಲು ಕಟ್ಟಿಯೇ ಬದುಕುವ ಒಂದು ದ್ವೀಪದ ಜನ, ಪಕ್ಕದ ಇನ್ನೊಂದು ದ್ವೀಪದಲ್ಲಿ ಹೋಟೆಲು ಬೇಡ ಅಂದರಲ್ಲ, ಅದು ಸಣ್ಣ ಮಾತಲ್ಲ.

ಅಷ್ಟಕ್ಕೇ ಕೆಲಸ ಮುಗಿಯಲೂ ಇಲ್ಲ. ಹಡಗುಗಳ ಜೊತೆ ಬಂದ ಇಲಿಗಳು ಕಡಲಹಕ್ಕಿಗಳ ಮೊಟ್ಟೆ, ಮರಿಗಳನ್ನು ತಿನ್ನುತ್ತಿದ್ದವು. 2011ರಲ್ಲಿ ಹೆಲಿಕಾಪ್ಟರಿನಿಂದ ವಿಷದ ಕಾಳು ಹಾಕಿ ಅವನ್ನು ತೆಗೆದರು. ಉದ್ಯಾನ ಅಂತ ಬೋರ್ಡು ಹಾಕಿ ಹದಿನಾರು ವರ್ಷ ಆದಮೇಲೂ ಇಂಥ ಕೆಲಸಕ್ಕೆ ದುಡ್ಡು, ಮನಸ್ಸು ಎರಡೂ ಇತ್ತು.

ನಮ್ಮ ಕರಾವಳಿಯಲ್ಲೂ ದ್ವೀಪಗಳಿವೆ. ಮುರ್ಡೇಶ್ವರದ ಆಚೆ ನೇತ್ರಾಣಿ ಇದೆ, ಅಲ್ಲಿ ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟುತ್ತದೆ. ಸೇಂಟ್ ಮೇರೀಸ್ ಅಂತೂ ರಜೆ ಬಂದರೆ ಜನರಿಂದ ತುಂಬಿಹೋಗುತ್ತದೆ. ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡ ಬಾಟಲಿ, ತಿಂಡಿಯ ಪೊಟ್ಟಣಗಳನ್ನು ನಾನೇ ಹೆಕ್ಕಿದ್ದೇನೆ. ಜನ ಬರಬಾರದು ಅಂತ ನಾನು ಹೇಳುವುದಿಲ್ಲ. ಡ್ರಾಗೊನೇರಾಕ್ಕೂ ಜನ ಬರುತ್ತಾರೆ, ನಮ್ಮ ಬೋಟಿನಲ್ಲಿ ಮಕ್ಕಳೂ ಇದ್ದರು. ಆದರೆ ಎಲ್ಲಿ ನಡೆಯಬೇಕು, ಏನು ಒಯ್ಯಬಾರದು ಎಂಬುದು ಅಲ್ಲಿ ಖಚಿತವಾಗಿತ್ತು, ಎಲ್ಲರೂ ಅದನ್ನು ಪಾಲಿಸುತ್ತಲೂ ಇದ್ದರು.

ಆದ್ದರಿಂದ ಪತ್ರಿಕೆಯಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ವರದಿಗಾರರನ್ನು ಮಲ್ಪೆಗೆ ಕಳಿಸಿ. ಸೇಂಟ್ ಮೇರೀಸ್‌ಗೆ ದಿನಕ್ಕೆ ಎಷ್ಟು ಜನ ಹೋಗುತ್ತಾರೆ, ಅಲ್ಲಿನ ಕಸ ಎಲ್ಲಿಗೆ ಹೋಗುತ್ತದೆ, ಜನರ ಸಂಖ್ಯೆಗೆ ಮಿತಿ ಹಾಕುವ ಅಧಿಕಾರ ಯಾರ ಕೈಯಲ್ಲಿದೆ ಎಂದು ಕೇಳಿ ಬರೆಯಿರಿ. ಹಾಗೆಯೇ ನೇತ್ರಾಣಿಯ ಬಗ್ಗೆಯೂ. ಮಳೆಗಾಲ ಮುಗಿದು ಬೋಟುಗಳು ಮತ್ತೆ ಶುರುವಾಗುವ ಮೊದಲೇ ಆ ವರದಿ ಬಂದರೆ ತುಂಬ ಉಪಕಾರ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ಮಲ್ಪೆ