ಮೊದಲ ಕೋವಿಗಿಂತ ಮೊದಲು ಬೀಗದ ಕಪಾಟು

ಸಂಪಾದಕರಿಗೆ ನಮಸ್ಕಾರ.

ಅಡಿಕೆಗೆ ರೇಟು ಬಂದ ವರ್ಷ ನಮ್ಮ ಮಲೆನಾಡಿನಲ್ಲಿ ಕಳ್ಳರ ಭಯವೂ ಜಾಸ್ತಿ. ಒಂಟಿ ಮನೆಗೆ ನುಗ್ಗಿ ವಯಸ್ಸಾದವರನ್ನು ಕಟ್ಟಿಹಾಕಿದರು, ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯನ್ನು ರಾತ್ರೋರಾತ್ರಿ ತುಂಬಿಕೊಂಡು ಹೋದರು, ಇಂಥ ಸುದ್ದಿ ನಿಮ್ಮ ಪೇಪರಿನಲ್ಲಿ ಬಂದ ಮಾರನೇ ದಿನ ಊರಲ್ಲಿ ಒಂದೇ ಮಾತು. ಮನೆಗೊಂದು ಕೋವಿ ಬೇಕು. ಪಕ್ಕದ ತೋಟದ ಹುಡುಗ, ಬೆಂಗಳೂರಿನ ಕೆಲಸ ಬಿಟ್ಟು ಹೆಂಡತಿ ಮಗಳ ಜೊತೆ ಊರಿಗೆ ಬಂದು ನಿಂತವನು, ಮೊನ್ನೆ ಬಂದು ಕೇಳಿದ: "ಚಿಕ್ಕಪ್ಪ, ಯಾವುದು ತಗೊಳ್ಳಲಿ, ಪಿಸ್ತೂಲೋ ಜೋಡಿ ನಳಿಗೆಯೋ?" ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇಟ್ಟುಕೊಂಡವರು ನಮ್ಮ ಜಿಲ್ಲೆಯಲ್ಲಿ ಬಹಳ ಜನ ಇದ್ದಾರೆ, ಅವರಿಗೆ ಸರಿಯಾಗಿ ಹೇಳುವವರು ಕಡಿಮೆ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಕೋವಿ ಇದೆ, ಹಾಗಾಗಿ ಇದು ಸುಮ್ನೆ ಓದಿ ಹೇಳುವ ಮಾತಲ್ಲ.

ಮೊದಲು ಮೊಬೈಲ್ ವಿಡಿಯೋ ನೋಡಿ ತಲೆಯಲ್ಲಿ ತುಂಬಿಕೊಂಡಿದ್ದನ್ನು ಇಳಿಸಬೇಕು. ಅಮೆರಿಕದವರು ತೋರಿಸುವ 9 ಎಂ.ಎಂ. ಪಿಸ್ತೂಲು ನಮ್ಮಲ್ಲಿ ನಿಷೇಧಿತ ಬೋರು, ಅಂದರೆ ಸಾಮಾನ್ಯ ಜನರಿಗೆ ಸುಲಭಕ್ಕೆ ಕೊಡದ ನಳಿಗೆಯ ಅಳತೆ. ಪೊಲೀಸರು, ಮಿಲಿಟರಿಯವರು ಬಳಸುವ ಅಳತೆ ಅದು. ಜಿಲ್ಲಾಧಿಕಾರಿ ಅದಕ್ಕೆ ಲೈಸೆನ್ಸ್ ಕೊಡಲು ಬರುವುದಿಲ್ಲ, ಕೇಂದ್ರ ಗೃಹ ಇಲಾಖೆಯ ತನಕ ಹೋಗಬೇಕು. ನಮ್ಮಂಥವರಿಗೆ ಸಿಗುವುದು .32 ರಿವಾಲ್ವರ್ ಅಥವಾ ಪಿಸ್ತೂಲು, .22 ಮತ್ತು .315 ರೈಫಲ್, ಆಮೇಲೆ ನಮ್ಮ ಅಜ್ಜಂದಿರ ಕಾಲದಿಂದ ಇರುವ 12 ಬೋರಿನ ತೋಟೆ (ಕಾರ್ಟ್ರಿಜ್) ಕೋವಿ, ಒಂಟಿ ನಳಿಗೆ ಅಥವಾ ಜೋಡಿ ನಳಿಗೆ. ಅದಕ್ಕೂ ಹಳೆಯ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಇನ್ನೂ ಕೆಲವು ಮನೆಯಲ್ಲಿದೆ, ಹೊಸದಾಗಿ ಮಾಡಿಸುವವರು ಅದರ ಸುದ್ದಿಗೆ ಹೋಗಬೇಡಿ. ಲೈಸೆನ್ಸಿಗೆ 21 ವರ್ಷ ತುಂಬಿರಬೇಕು. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಲ್ಲಿ ಎರಡಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ, ಮೊದಲು ಮೂರು ಇತ್ತು. ಲೈಸೆನ್ಸಿನ ಅವಧಿಯೂ ಮೂರು ವರ್ಷದಿಂದ ಐದಕ್ಕೆ ಏರಿತು.

ಇನ್ನು ಆಯ್ಕೆ. ಹುಡುಗರಿಗೆ ರಿವಾಲ್ವರ್ ಆಸೆ, ಯಾಕೆಂದರೆ ಸೊಂಟಕ್ಕೆ ಸಿಕ್ಕಿಸಬಹುದು, ನಾಲ್ಕು ಜನ ನೋಡುತ್ತಾರೆ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೆಂಗಸರಿಗೆಂದು 'ನಿರ್ಭೀಕ್' ಎಂಬ .32 ರಿವಾಲ್ವರ್ ತಂದಿತ್ತು, ಅರ್ಧ ಕೇಜಿ ತೂಕ, ಬೆಲೆ ಆಗಲೇ ಒಂದು ಲಕ್ಷಕ್ಕೂ ಮೇಲೆ. ಅಷ್ಟು ದುಡ್ಡು ಹಾಕಿ ಕೊಂಡದ್ದನ್ನು ಎಷ್ಟು ಜನ ಅಭ್ಯಾಸ ಮಾಡುತ್ತಾರೆ? ಗಿಡ್ಡ ನಳಿಗೆಯ ಆಯುಧದಲ್ಲಿ ಗುರಿ ಹಿಡಿಯುವುದು ಕಷ್ಟ. ಕತ್ತಲೆಯಲ್ಲಿ, ಎದೆ ಹೊಡೆದುಕೊಳ್ಳುವಾಗ, ನಿದ್ದೆಗಣ್ಣಲ್ಲಿ ಇನ್ನೂ ಕಷ್ಟ. ಪಿಸ್ತೂಲಿನದಂತೂ ಇನ್ನೊಂದು ಕಥೆ. ಗುಂಡು ತುಂಬಿದ ಡಬ್ಬಿ, ಅಂದರೆ ಮ್ಯಾಗಜಿನ್ ತೆಗೆದರೆ ಖಾಲಿ ಆಯಿತು ಅಂದುಕೊಳ್ಳುತ್ತಾರೆ, ಆದರೆ ಒಂದು ಗುಂಡು ನಳಿಗೆಯ ಬುಡದಲ್ಲೇ ಕೂತಿರಬಹುದು, ಹೊರಗಿಂದ ಕಾಣುವುದಿಲ್ಲ. 'ಖಾಲಿ ಪಿಸ್ತೂಲು' ಜೀವ ತೆಗೆಯುವುದು ಹೀಗೆ.

ಅದಕ್ಕೇ ನಾನು ಹೇಳಿದ್ದು, ತಗೊಳ್ಳಲೇಬೇಕು ಅಂದರೆ 12 ಬೋರಿನ ಮಡಚುವ ಕೋವಿ ತಗೋ ಅಂತ. ಶಕ್ತಿ ಅದರ ಮುಖ್ಯ ಗುಣ ಅಲ್ಲ. ಮೇಲಿನ ಸನ್ನೆಯನ್ನು ಹೆಬ್ಬೆರಳಲ್ಲಿ ಬಲಕ್ಕೆ ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ ಬಾಯಿ ಬಿಡುತ್ತದೆ. ಎರಡು ದುಂಡು ತೂತು. ತೋಟೆ ಇದ್ದರೆ ಅದರ ಹಿತ್ತಾಳೆ ತಳ ಎದುರಿಗೇ ಕಾಣುತ್ತದೆ. ಇಲ್ಲದಿದ್ದರೆ ಕಿಟಕಿ ಕಡೆ ತಿರುಗಿಸಿದಾಗ ನಳಿಗೆಯ ಆ ತುದಿಯಿಂದ ಬೆಳಕು ಕಾಣುತ್ತದೆ. ಕೋವಿ ಮುಟ್ಟದ ಹೆಂಗಸರಿಗೂ, ಕಣ್ಣು ಮಂದವಾದ ಮುದುಕರಿಗೂ ಇದು ಖಾಲಿಯೋ ತುಂಬಿದೆಯೋ ಅಂತ ಅರ್ಧ ನಿಮಿಷದಲ್ಲಿ ಹೇಳಲು ಬರುತ್ತದೆ. ಬಾಯಿ ಬಿಟ್ಟಿರುವ ತನಕ ಅದು ಸಿಡಿಯುವುದಿಲ್ಲ, ದೂರದಿಂದ ನೋಡಿದವರಿಗೂ ಅದು ಗೊತ್ತಾಗುತ್ತದೆ. ಇನ್ನೂ ಒಂದು ಅನುಕೂಲ ಇದೆ. ನಳಿಗೆಯ ಕೆಳಗಿನ ಮರದ ತುಂಡು ಕಳಚಿದರೆ ನಳಿಗೆ ಬೇರೆ, ಹಿಡಿ ಬೇರೆ ಆಗುತ್ತದೆ. ನಳಿಗೆ ಒಂದು ಕಡೆ, ಹಿಡಿ ಒಂದು ಕಡೆ, ತೋಟೆ ಮೂರನೇ ಕಡೆ ಇಡಬಹುದು.

ಹಾಗಂತ ತೋಟೆ ಕೋವಿ ಬಗ್ಗೆಯೂ ತಪ್ಪು ತಿಳುವಳಿಕೆ ಬೇಡ. ಚರೆ, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳು, ಹರಡಿಕೊಳ್ಳುತ್ತದೆ, ಗುರಿಯೇ ಬೇಡ, ಆ ಕಡೆ ತಿರುಗಿಸಿ ಒತ್ತಿದರೆ ಸಾಕು ಅನ್ನುವವರಿದ್ದಾರೆ. ಒಂದು ಕೋಣೆಯ ದೂರದಲ್ಲಿ ಚರೆ ಒಂದು ಗೇಣಿನಷ್ಟೂ ಹರಡುವುದಿಲ್ಲ. ತಪ್ಪಿದರೆ ಪೂರ್ತಿ ತಪ್ಪಿತು. ಎಲ್‌ಜಿ, ಎಸ್‌ಜಿ ಅನ್ನುವ ದಪ್ಪ ಚರೆಯ ತೋಟೆ ಹಾಕಿದರೆ ಅದು ಹಲಗೆಯ ಬಾಗಿಲು ದಾಟಿ ಆಚೆ ಮಲಗಿದವರನ್ನು ಮುಟ್ಟುತ್ತದೆ. ನಮ್ಮ ಮನೆಗಳು ಹೇಗಿವೆ ಅಂತ ಯೋಚಿಸಿ ನೋಡಿ. ಹೆಂಚಿನ ಮಾಡು, ಅಟ್ಟ, ಹಲಗೆಯ ಅಡ್ಡಗೋಡೆ, ಹಿಂದೆ ಕೊಟ್ಟಿಗೆ, ಸ್ವಲ್ಪ ದೂರಕ್ಕೆ ಕೆಲಸದವರ ಲೈನ್ ಮನೆ. ಯಾವ ದಿಕ್ಕಿಗೆ ಹಾರಿಸಿದರೂ ಅಲ್ಲಿ ನಮ್ಮವರೇ ಯಾರೋ ಇದ್ದಾರೆ ಅಲ್ವಾ?

ಈಗ ಕಪಾಟಿನ ವಿಷಯ. ಹೊಸಬರು ಲೈಸೆನ್ಸಿಗೆ ಅರ್ಜಿ ಬರೆಯುವ ಮೊದಲೇ ಕಪಾಟು ಎಲ್ಲಿ ಅಂತ ತೀರ್ಮಾನ ಮಾಡಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಆಯುಧವನ್ನು ಸುರಕ್ಷಿತವಾಗಿ ಇಡುತ್ತೇನೆ ಅಂತ ಅರ್ಜಿದಾರರು ಮುಚ್ಚಳಿಕೆ ಬರೆದುಕೊಡಬೇಕು. ಜನ ಅದನ್ನು ಇನ್ನೊಂದು ಕಾಗದ ಅಂತ ಸಹಿ ಹಾಕುತ್ತಾರೆ, ಮನೆಗೆ ಬಂದು ಕೋವಿಯನ್ನು ಬಾಗಿಲ ಹಿಂದಿನ ಗೂಟಕ್ಕೆ ನೇತು ಹಾಕುತ್ತಾರೆ. 2025ರ ಫೆಬ್ರುವರಿಯಲ್ಲಿ ನಾಗಮಂಗಲ ತಾಲೂಕಿನ ಕೋಳಿ ಫಾರಂ ಒಂದರಲ್ಲಿ ಆದದ್ದನ್ನು ನೀವೆಲ್ಲ ಓದಿದ್ದೀರಿ. ಅಲ್ಲಿದ್ದ ಬಂದೂಕು ಒಬ್ಬ ಹುಡುಗನ ಕೈಗೆ ಸಿಕ್ಕಿತು, ಆಟವಾಡುತ್ತಾ ಟ್ರಿಗರ್ ಎಳೆದ, ನಾಲ್ಕು ವರ್ಷದ ಮಗು ಸತ್ತುಹೋಯಿತು. ಎರಡೂ ಕೂಲಿ ಮಾಡಲು ಬಂದವರ ಮಕ್ಕಳು. ಆ ಬಂದೂಕಿಗೆ ಒಂದು ಬೀಗ ಇದ್ದಿದ್ದರೆ ಆ ಮಗು ಈಗ ಶಾಲೆಗೆ ಹೋಗುತ್ತಿತ್ತು. ಇದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಕಪಾಟು ಬೇಕು, ಕೀಲಿ ಒಬ್ಬರ ಹತ್ತಿರವೇ ಇರಬೇಕು, ತೋಟೆಗೆ ಬೇರೆ ಬೀಗ ಬೇರೆ ಕೀಲಿ. ನಮ್ಮ ಪೇಟೆಯ ವೆಲ್ಡಿಂಗ್ ಅಂಗಡಿಯವನೇ ಮಾಡಿಕೊಡುತ್ತಾನೆ, ಕೋವಿಯ ಬೆಲೆಯ ಮುಂದೆ ಅದು ಏನೂ ಅಲ್ಲ. ಮಳೆಗಾಲದಲ್ಲಿ ಮಾತ್ರ ತಿಂಗಳಿಗೊಮ್ಮೆಯಾದರೂ ತೆಗೆದು ಒರೆಸಿ ಎಣ್ಣೆ ಹಾಕಬೇಕು, ಇಲ್ಲದಿದ್ದರೆ ನಮ್ಮ ಹವೆಗೆ ನಳಿಗೆಯ ಒಳಗೆ ತುಕ್ಕು ಹಿಡಿಯುತ್ತದೆ. ತೋಟೆಗೂ ಥಂಡಿ ಆಗಬಾರದು.

ಇದಕ್ಕೆ ಎಲ್ಲರೂ ಹೇಳುವ ಮಾತು ನನಗೆ ಗೊತ್ತು. ಎಲ್ಲವನ್ನೂ ಬೀಗ ಹಾಕಿ ಇಟ್ಟರೆ ಕಳ್ಳ ಬಂದಾಗ ತೆಗೆದು, ಜೋಡಿಸಿ, ತುಂಬಿಸಿ ಯಾವಾಗ ಹಾರಿಸುವುದು? ನ್ಯಾಯವಾದ ಪ್ರಶ್ನೆ. ಆದರೆ ಕಳ್ಳ ಹೆಚ್ಚಾಗಿ ನೋಡುವುದು ಮನೆಯಲ್ಲಿ ಜನ ಇಲ್ಲದ ಹೊತ್ತು. ಮದುವೆಗೋ ಜಾತ್ರೆಗೋ ಹೋಗಿದ್ದಾಗ ಬಂದರೆ ಬಾಗಿಲ ಹಿಂದಿನ ಕೋವಿ ಅವನದಾಯಿತು, ಆಮೇಲೆ ಅದರಿಂದ ಏನು ನಡೆದರೂ ಸ್ಟೇಷನ್ ಮೆಟ್ಟಿಲು ಹತ್ತುವವರು ನಾವು. ಇನ್ನು ಜನ ಇದ್ದಾಗಲೇ ನುಗ್ಗುವವರು ಬರುವುದು ನಾಲ್ಕೈದು ಜನ ಸೇರಿ, ಎದುರಿಗೆ ಬಂದು ಬಾಗಿಲು ತಟ್ಟಿ. ಅಲ್ಲಿ ಮೊದಲು ಕೆಲಸಕ್ಕೆ ಬರುವುದು ಗಟ್ಟಿ ಬಾಗಿಲು, ಜಗುಲಿಗೆ ಹಾಕಿದ ಗ್ರಿಲ್, ಅಂಗಳದ ಲೈಟು, ಬೊಗಳುವ ನಾಯಿ, 112ಕ್ಕೆ ಹೋಗುವ ಒಂದು ಕರೆ. ಇವು ಕೊಡುವ ಐದು ನಿಮಿಷದಲ್ಲಿ ಕಪಾಟಿನ ಕೋವಿ ಕೈಗೆ ಬರುತ್ತದೆ. ಇವು ಇಲ್ಲದ ಮನೆಯಲ್ಲಿ ತುಂಬಿದ ಕೋವಿ ದಿಂಬಿನ ಕೆಳಗಿದ್ದರೂ ಅದು ಯಾರ ಕೈಗೆ ಹೋಗುತ್ತದೆ ಎಂದು ಹೇಳಲಾಗದು. ನಮ್ಮ ಎಷ್ಟೋ ಹಳ್ಳಿಗಳಲ್ಲಿ 112 ಒತ್ತಲು ನೆಟ್‌ವರ್ಕೇ ಇಲ್ಲ ಅನ್ನುವುದು ನಿಜ. ಕೋವಿ ಲೈಸೆನ್ಸಿಗೆ ಓಡಾಡುವಷ್ಟೇ ಜೋರಾಗಿ ನಾವು ಒಂದು ಟವರಿಗೂ ಓಡಾಡಬೇಕು.

ಕಾನೂನು ಏನು ಹೇಳುತ್ತದೆ ಅನ್ನುವುದನ್ನೂ ಕೋವಿ ಕೊಳ್ಳುವವನು ತಿಳಿದಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಹಕ್ಕು 34ರಿಂದ 44ರ ತನಕದ ಸೆಕ್ಷನ್‌ಗಳಲ್ಲಿದೆ. ಹೊತ್ತು ಮುಳುಗಿದ ಮೇಲೆ ಮನೆ ಒಡೆದು ನುಗ್ಗುವವನ ಮೇಲೆ, ದರೋಡೆ ಮಾಡುವವನ ಮೇಲೆ ಆ ಹಕ್ಕು ಜೀವ ತೆಗೆಯುವ ಮಟ್ಟಕ್ಕೂ ಹೋಗಬಹುದು. ಆದರೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಅಂತ 37ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಅಂಗಳದ ಅಡಿಕೆ ಚೀಲ ಹೊತ್ತು ಓಡುವವನ ಬೆನ್ನಿಗೆ ಹೊಡೆದರೆ ಅದು ಆತ್ಮರಕ್ಷಣೆ ಆಗುವುದಿಲ್ಲ, ನೀವೇ ಜೈಲಿಗೆ. ಕೇಸು ಮುಗಿಯುವುದರೊಳಗೆ ತೋಟವೇ ಮಾರಿಹೋಗುತ್ತದೆ. ಅಡಿಕೆ ಮತ್ತೆ ಬೆಳೆಯುತ್ತದೆ ಅಂತ ಆ ಹುಡುಗನಿಗೆ ಹೇಳಿದೆ.

ಇನ್ನೊಂದು ವಿಷಯ ಮನೆಯೊಳಗೇ ಮುಚ್ಚಿಡುವಂಥದ್ದು, ಆದರೂ ಬರೆಯುತ್ತೇನೆ. ನಮ್ಮ ಕಡೆ ಕೋವಿಯಿಂದ ಸತ್ತವರ ಸುದ್ದಿ ಓದುವಾಗ ಗಮನಿಸಿ. ಕಳ್ಳ ಸತ್ತದ್ದು ಓದಿದ ನೆನಪು ನನಗಿಲ್ಲ. ಸಾಲ ಜಾಸ್ತಿಯಾಗಿ, ಮನಸ್ಸು ಕುಗ್ಗಿ, ಕುಡಿದು ಜಗಳವಾಗಿ ಮನೆಯವರೇ ಹೋದದ್ದು ಓದುತ್ತೇವೆ, ಇಲ್ಲವೇ ಶಿಕಾರಿಗೆ ಹೋಗಿ ಕಾಡುಹಂದಿ ಅಂತ ಜೊತೆಗಾರನಿಗೇ ಹೊಡೆದದ್ದು. ಎಲೆಚುಕ್ಕಿ, ಕೊಳೆ ರೋಗ ಬಂದು ತೋಟ ಹೋದವರ ಮನೆಯಲ್ಲಿ ಯಾರಾದರೂ ಸರಿಯಾಗಿ ಊಟ ಮಾಡದೆ, ಮಾತಾಡದೆ ಕೂತಿದ್ದರೆ ಮೊದಲು ಆ ಕೋವಿಯನ್ನು ಮನೆಯಿಂದ ಆಚೆ ಹಾಕಿ. ನೆಂಟರ ಮನೆಗೆ ಕಳಿಸಬೇಡಿ, ಲೈಸೆನ್ಸ್ ಇಲ್ಲದವರು ಇಟ್ಟುಕೊಳ್ಳುವುದು ಅಪರಾಧ. ಸ್ಟೇಷನ್ನಿನಲ್ಲೋ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲೋ ಜಮಾ ಮಾಡಬಹುದು, ಆಮೇಲೆ ವಾಪಸ್ ತರಬಹುದು. ಮನೆಯಲ್ಲಿ ಕುಡಿದು ಗಲಾಟೆ ಮಾಡುವವರು ಇದ್ದರೆ ಕೋವಿಯ ಯೋಚನೆಯೇ ಬೇಡ. ಡಾಕ್ಟರ ಸರ್ಟಿಫಿಕೇಟಿನಲ್ಲಿ ಮಾನಸಿಕ ಆರೋಗ್ಯದ ಬಗ್ಗೆಯೂ ಕೇಳುವುದು ಇದಕ್ಕೇ, ಅದನ್ನು ಗುರುತಿನವರ ಹತ್ತಿರ ಸುಮ್ನೆ ಬರೆಸಿಕೊಳ್ಳುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ.

ಕೊಡಗಿನಲ್ಲಿ ಮನೆಮನೆಗೂ ಕೋವಿ ಇದೆ, ನಮಗೆ ಯಾಕೆ ಇಷ್ಟು ಕಟ್ಟುಪಾಡು ಅಂತ ಕೇಳುವವರೂ ಇದ್ದಾರೆ. ಕೊಡವರಿಗೂ ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿದೆ. ಆದರೆ ಅಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ, ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ಇದೆ. ಚಿಕ್ಕಂದಿನಿಂದ ಹಿರಿಯರ ಕಣ್ಣೆದುರು ಅದನ್ನು ಹಿಡಿಯಲು ಕಲಿಯುತ್ತಾರೆ. ನಮ್ಮ ಹೊಸ ಲೈಸೆನ್ಸುದಾರ ಕಲಿತಿರುವುದು ಮೊಬೈಲಿನಲ್ಲಿ. ವಿನಾಯಿತಿ ಕೇಳುವ ಮೊದಲು ಆ ಕಲಿಕೆ ಬರಲಿ.

ಅದಕ್ಕೇ ಆಡಳಿತದ ಮುಂದೆ ಎರಡು ಬೇಡಿಕೆ. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಬಹಳ ಒಳ್ಳೆಯದು. ಕೋವಿ ಬಿಚ್ಚಿ ಜೋಡಿಸುವುದು, ಹಿಡಿಯುವುದು, ಗುರಿ ಎಲ್ಲವನ್ನೂ ಹೇಳಿಕೊಡುತ್ತಾರೆ, ಸರ್ಟಿಫಿಕೇಟೂ ಸಿಗುತ್ತದೆ. ಆದರೆ ಅದು ಯಾವಾಗ ನಡೆಯುತ್ತದೆ ಅಂತ ಹಳ್ಳಿಯವರಿಗೆ ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತದೆ. ಅಡಿಕೆ ಕೊಯ್ಲಿನ ಸಮಯ ಬಿಟ್ಟು, ತಾಲೂಕು ಮಟ್ಟದಲ್ಲಿ, ಮೊದಲೇ ದಿನ ತಿಳಿಸಿ ಮಾಡಲಿ. ಲೈಸೆನ್ಸ್ ನನ್ನ ಹೆಸರಲ್ಲಿದ್ದರೂ ಮನೆಯಲ್ಲಿರುವ ಹೆಂಗಸರಿಗೆ ಕೋವಿ ಖಾಲಿ ಇದೆಯೇ ಅಂತ ನೋಡಲು ಕಲಿಸುವ ಒಂದು ಅರ್ಧ ದಿನದ ಪಾಠವನ್ನೂ ಸೇರಿಸಲಿ, ಹಾರಿಸಲು ಕಲಿಸುವುದು ಬೇಡ.

ಎರಡನೆಯದು ಚುನಾವಣೆಯ ಠೇವಣಿ. ಪ್ರತಿ ಚುನಾವಣೆಗೂ ಕೋವಿ ಸ್ಟೇಷನ್ನಿಗೆ ಒಪ್ಪಿಸಬೇಕು. ಶಾಂತಿಗೆ ಬೇಕು ಅಂತಾದರೆ ಕೊಡೋಣ, ತಕರಾರಿಲ್ಲ. ಆದರೆ ಒಂಟಿ ಮನೆಯವರ, ಬೆಳೆ ರಕ್ಷಣೆಯವರ ಅರ್ಜಿಯನ್ನು ಒಂದೊಂದಾಗಿ ನೋಡಿ ವಿನಾಯಿತಿ ಕೊಡಲು ಜಿಲ್ಲೆಯಲ್ಲಿ ಸಮಿತಿ ಇದೆ, ಅದು ಕೆಲಸ ಮಾಡಲಿ. ಒಪ್ಪಿಸಿದ ಕೋವಿಗಳನ್ನು ಕಟ್ಟು ಕಟ್ಟಿ ಥಂಡಿ ಕೋಣೆಯ ಮೂಲೆಗೆ ಒರಗಿಸಿದರೆ ತಿಂಗಳ ಮೇಲೆ ತುಕ್ಕು ಹಿಡಿದು ವಾಪಸ್ ಬರುತ್ತವೆ. ತುಕ್ಕು ಹಿಡಿದ ನಳಿಗೆಯಲ್ಲಿ ತೋಟೆ ಹಾರಿಸುವುದು ಹಾರಿಸುವವನಿಗೇ ಅಪಾಯ. ಪ್ರತಿ ಸ್ಟೇಷನ್ನಿಗೂ ಒಂದು ಒಣ ಕೋಣೆ, ಒಂದು ಮರದ ಸ್ಟ್ಯಾಂಡು ಕೊಡಿ. ತರಬೇತಿಯ ದಿನ ಗೊತ್ತಾದ ಕೂಡಲೇ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ದೊಡ್ಡದಾಗಿ ಹಾಕಿ, ಪಕ್ಕದ ತೋಟದ ಹುಡುಗನನ್ನು ನಾನೇ ಕರೆದುಕೊಂಡು ಬರುತ್ತೇನೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ
ಕೊಪ್ಪ ತಾಲೂಕು, ಚಿಕ್ಕಮಗಳೂರು ಜಿಲ್ಲೆ